ಕೆಲಸದ ಮನೆಯ ಆಡುಮಾತು

ಪರಭಾಷೆಯನ್ನು ಕಲಿಯುವವರು ವ್ಯಾಕರಣವನ್ನು ಗಟ್ಟಿಮಾಡಿಕೊಳ್ಳಬೇಕು, ಬೀದಿಯ ಮಾತು ನಾಲಗೆಗೆ ಹತ್ತಿದರೆ ಭಾಷೆ ಕೆಡುತ್ತದೆ ಎಂಬುದು ಅನೇಕ ವಿದ್ವಾಂಸರ ಮತ. ಈ ಮತದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಯಾವುದೆಂಬುದನ್ನು ಫ್ರೆಂಚ್ ಭಾಷೆಯ ನಿದರ್ಶನದಿಂದ ತೋರಿಸುವುದು ಈ ಪುಟ್ಟ ಲೇಖನದ ಉದ್ದೇಶ.

ಫ್ರೆಂಚ್ ಪಠ್ಯಪುಸ್ತಕವು ಕೆಲಸಕ್ಕೆ 'ತ್ರವಾಯ್' ಎಂಬ ಪದವನ್ನು ಕಲಿಸುತ್ತದೆ. ಪ್ಯಾರಿಸಿನ ಕಚೇರಿಯಲ್ಲಿ ಹೆಚ್ಚಾಗಿ ಕಿವಿಗೆ ಬೀಳುವುದು 'ಬುಲೋ'. ಪುಸ್ತಕದ 'ಆಂತ್ರಪ್ರೀಸ್' ಅಲ್ಲಿ ದುಡಿಯುವವರ ಬಾಯಲ್ಲಿ 'ಬ್ವಾತ್', ಎಂದರೆ ಪೆಟ್ಟಿಗೆ. 'ಮೆತ್ರೊ, ಬುಲೋ, ದೊದೊ' ಎಂಬ ಮಾತೊಂದಿದೆ. ಮೆತ್ರೊ ಸುರಂಗದ ರೈಲು; ದೊದೊ ನಮ್ಮ ತಾಯಂದಿರು ಕೂಸಿಗೆ ಹೇಳುವ 'ತಾಚಿ'. ರೈಲು, ಕೆಲಸ, ನಿದ್ದೆ: ನಗರದ ನೌಕರನ ಬಾಳಿನ ಬೇಸರವೆಲ್ಲ ಈ ಮೂರು ಪದಗಳಲ್ಲಿ ಅಡಗಿದೆ. 1968ರ ಮೇ ತಿಂಗಳಲ್ಲಿ ವಿದ್ಯಾರ್ಥಿಗಳೂ ಕಾರ್ಮಿಕರೂ ಬೀದಿಗಿಳಿದಾಗ ಇದೇ ಘೋಷಣೆಯಾಗಿ ಹರಡಿತು.

ಇಂಥ ಮಾತು ಕೀಳೆಂಬುದು ಸರಿಯಲ್ಲ. 1914ರಲ್ಲಿ ಫ್ರೆಂಚ್ ಸೇನಾಪತಿ ಜೋಫ್ರ್ ತನಗೆ ಅಸಮರ್ಥರೆಂದು ಕಂಡ ಸೇನಾಧಿಕಾರಿಗಳನ್ನು ರಣರಂಗದಿಂದ ದೂರವಾದ ಲಿಮೋಜ್ ಸೀಮೆಗೆ ಅಟ್ಟಿದನು. ಸೈನಿಕರು ಇದರಿಂದ 'ಲಿಮೊಜೆ' ಎಂಬ ಕ್ರಿಯಾಪದವನ್ನು ಕಟ್ಟಿದರು. ಪದಚ್ಯುತಿಗೊಳಿಸು ಎಂಬ ಅರ್ಥದ ಆ ಪದಕ್ಕೆ ಇಂದು ನಿಘಂಟಿನಲ್ಲಿಯೂ ಗೌರವದ ಸ್ಥಾನವಿದೆ. ಪ್ಯಾರಿಸಿನ ಕಲಾಶಾಲೆಯೊಂದರಲ್ಲಿ ಗಡುವು ತೀರಿದೊಡನೆ ವಾಸ್ತುಶಿಲ್ಪದ ವಿದ್ಯಾರ್ಥಿಗಳ ನಕ್ಷೆಗಳನ್ನು ಒಯ್ಯುತ್ತಿದ್ದ ಕೈಗಾಡಿಯ ಹೆಸರು 'ಶಾರೆತ್'. ಗಡುವು ಸಮೀಪಿಸಿ ಕೈಬಿಡುವಿಲ್ಲದವನು ಇಂದಿಗೂ 'ನಾನು ಶಾರೆತ್' ಎನ್ನುತ್ತಾನೆ. ನಾಳೆಯ ನಿಘಂಟಿಗೆ ಇಂದಿನ ಆಡುಮಾತೇ ಬಿತ್ತನೆಯ ಬೀಜವಲ್ಲವೆ?

ಕನ್ನಡಿಗನಿಗೆ ಈ ಪದಗಳು ಅಷ್ಟೇನೂ ಹೊರಗಿನವಲ್ಲ. ನಾವು 'ವಶೀಲಿ' ಎನ್ನುವುದನ್ನು ಅವರು 'ಪಿಸ್ತೋಂ' ಎನ್ನುತ್ತಾರೆ. ಅದು ಯಂತ್ರವನ್ನು ತಳ್ಳುವ ಕೊಂತ. ನಾವು ಮನುಷ್ಯನನ್ನು 'ಮೂಲೆಗುಂಪು' ಮಾಡಿದರೆ ಅವರು 'ಪ್ಲಕಾರ್'ಗೆ, ಎಂದರೆ ಗೋಡೆಯ ಬೀರುವಿಗೆ, ಸೇರಿಸುತ್ತಾರೆ. ಕೆಲಸ ಕೊಡದೆ, ಸಭೆಗೆ ಕರೆಯದೆ ನೌಕರನನ್ನು ಸುಮ್ಮನೆ ಕೂರಿಸುವುದೇ ಇದು. ಕೆಲಸದ ಜಾಗದ ಮಾನಸಿಕ ಕಿರುಕುಳವನ್ನು ಫ್ರಾನ್ಸು 2002ರ ಕಾನೂನಿನಿಂದ ನಿಷೇಧಿಸಿದೆ. ಆದರೆ ತನ್ನನ್ನು ಬೀರುವಿಗೆ ಸೇರಿಸಿದ್ದಾರೆಂಬ ಪಿಸುಮಾತೇ ತಿಳಿಯದ ಪರದೇಶಿ ನೌಕರನು ನ್ಯಾಯವನ್ನು ಕೇಳುವುದೆಂತು? ಊಟದ ಮೇಜಿನ ನಗೆಯಲ್ಲಿ ಪಾಲು ಪಡೆಯುವುದೆಂತು? ವ್ಯಾಕರಣ ಅವನಿಗೆ ನೌಕರಿಯನ್ನು ಕೊಡಿಸೀತು. ಜೊತೆಗಾರರನ್ನು ಕೊಡಿಸುವುದು ಆಡುಮಾತು.

ಆದರೂ ಎಚ್ಚರ ಬೇಕು. ಫ್ರೆಂಚರಲ್ಲಿಯೂ ನಮ್ಮ 'ನೀನು', 'ನೀವು'ಗಳಂತೆ 'ತ್ಯು', 'ವೂ' ಎಂಬ ಎರಡು ಬಗೆಗಳಿವೆ. ಸಂದರ್ಶನದಲ್ಲಿ ಕುಳಿತವನು ಸಂಸ್ಥೆಯನ್ನು 'ಬ್ವಾತ್' ಎಂದರೆ, ಹೊಸ ಅಳಿಯನು ಮಾವನನ್ನು 'ಏನಯ್ಯಾ' ಎಂದಂತೆಯೇ ಸರಿ. ಆದುದರಿಂದ ಆಡುಮಾತನ್ನು ಮೊದಲು ಕಿವಿಗೆ ಕಲಿಸಬೇಕು, ನಾಲಗೆಗೆ ಆಮೇಲೆ. ಜೊತೆಯವರು ಯಾರೊಡನೆ, ಯಾವಾಗ ಹಾಗೆ ಮಾತಾಡುತ್ತಾರೆಂಬುದನ್ನು ಗಮನಿಸಿ, ಅವರು ಸಲಿಗೆಯಿಂದ ಕರೆದ ಮೇಲೆ ತಾನೂ ಆಡಬೇಕು.

ಭಾಷಾ ಅಧ್ಯಾಪಕರಲ್ಲಿ ನಮ್ಮ ಬಿನ್ನಹ ಇಷ್ಟೆ: ವ್ಯಾಕರಣ ಪಾಠವನ್ನು ತಗ್ಗಿಸುವುದು ಬೇಡ, ವಾರಕ್ಕೊಂದು ಗಂಟೆ ದುಡಿಯುವ ಜನರ ಮಾತಿಗೂ ಮೀಸಲಾಗಲಿ. ಒಂದೊಂದು ಪದವನ್ನೂ ಅದರ ಅರ್ಥದೊಡನೆ, ಆಡತಕ್ಕ ಜಾಗ, ಆಡಬಾರದ ಜಾಗಗಳೊಡನೆ ಕಲಿಸಲಿ. ಭಾಷೆಯ ಮನೆಗೆ ವ್ಯಾಕರಣವು ತಲೆಬಾಗಿಲು. ಆದರೆ ಮನೆಯವರು ಕುಳಿತು ಮಾತಾಡುವುದು ನಡುಮನೆಯಲ್ಲಿ. ಬಾಗಿಲಲ್ಲಿಯೇ ನಿಂತವನಿಗೆ ಆ ಮಾತು ಕೇಳಿಸದು.