ಕಿರುಈಚಲಿನ ಲೆಕ್ಕ ಬರೆಯುವವರಾರು?

ದೀಪಾವಳಿಯ ಲಕ್ಷ್ಮೀಪೂಜೆಯಂದು ಕುರ್ಲಾದ ಮರಾಠಿ ಮನೆಗಳಲ್ಲಿ ಈಚಲ ಗರಿಯ ಹೊಸ ಕೇರಸುಣಿಗೆ ಅರಿಶಿನ ಕುಂಕುಮವಿಟ್ಟು ಪೂಜಿಸುವುದನ್ನು ನಮ್ಮ ವಾಚಕರು ಕಂಡಿರುವರು. ನಾವು ಇದೇ ಕುರ್ಲಾದಲ್ಲಿ ಹೋಟೆಲು ನಡೆಸುತ್ತಿದ್ದಾಗ ಬೆಳಗಿನ ಜಾವ ಬಾಗಿಲು ತೆರೆದೊಡನೆ ಮೊದಲು ಕೈಗೆ ಬರುತ್ತಿದ್ದುದು ಪೊರಕೆಯೇ. ಮಾರಲು ಬಂದವಳೊಡನೆ ಒಂದೆರಡು ರೂಪಾಯಿಗಾಗಿ ಚೌಕಾಸಿ ಮಾಡಿದೆವೇ ಹೊರತು, ಆ ಗರಿ ಎಲ್ಲಿಯದೆಂದು ಒಮ್ಮೆಯೂ ಕೇಳಲಿಲ್ಲ.

ಬಯಲಿನ ಹಳ್ಳಗಳ ದೊಡ್ಡ ಈಚಲನ್ನು ಎಲ್ಲರೂ ಬಲ್ಲರು. ಅದರ ಗಿಡ್ಡ ದಾಯಾದಿ ಕಿರುಈಚಲು ಪಶ್ಚಿಮ ಘಟ್ಟ, ಬಿಳಿಗಿರಿರಂಗನ ಬೆಟ್ಟ, ನೀಲಗಿರಿಗಳ ಹುಲ್ಲಿನ ಇಳಿಜಾರುಗಳಲ್ಲಿ ಬೆಳೆಯುವ ಕಾಡುಗಿಡ. ಅದರ ಗರಿಯೂ ಪೊರಕೆಯಾಗುತ್ತದೆ. ಹಣ್ಣು ಕರಡಿಗೆ ಆಹಾರ.

ರಸ್ತೆಯಿಂದ ನೋಡಿ ‘ಬೆಟ್ಟ ಹಸುರಾಗಿಯೇ ಇದೆಯಲ್ಲ’ ಎನ್ನುವವರುಂಟು. ಸಂಜೆಯ ಗಲ್ಲಾ ನೋಡಿ ಲಾಭವೆಂದು ನಂಬಿ, ಸಾಲದ ಪುಸ್ತಕ ತೆರೆಯದ ಮಾಲೀಕನ ಮಾತಿದು. ಈ ಗಿಡ ಬೆಂಕಿ ಬಿದ್ದರೂ ಮತ್ತೆ ಚಿಗುರುವ ಗಟ್ಟಿ ಜೀವಿ. ಆದುದರಿಂದ ಹಳೆಯ ಬುಡಗಳು ನಿಂತಿವೆ ಎಂಬುದು ಕ್ಷೇಮದ ಸಾಕ್ಷಿಯಲ್ಲ. ಬುಡದ ಸುತ್ತ ಎಳೆಯ ಸಸಿಗಳಿವೆಯೇ? ಗರಿ ಮೊದಲಿನಷ್ಟು ಉದ್ದವಿದೆಯೇ? ಹಣ್ಣು ಕಟ್ಟುತ್ತಿದೆಯೇ? ಈಚಲಲ್ಲಿ ಗಂಡು ಹೆಣ್ಣು ಗಿಡಗಳು ಬೇರೆ ಬೇರೆ. ಅಲ್ಲೊಂದು ಇಲ್ಲೊಂದು ಉಳಿದರೆ ಫಲವೆಲ್ಲಿಯದು? ಲಂಟಾನದ ಪೊದೆ ಮೇಲೆ ಕವಿದಿದೆಯೇ? ಪರೀಕ್ಷೆಯೆಂದರೆ ಇದು.

ಗರಿ ಕೊಯ್ಯುವ ಬಡವನನ್ನೇ ಅಪರಾಧಿಯೆನ್ನುವುದು ಸುಲಭ. ನಡುವಿನ ಸುಳಿಯನ್ನು ಉಳಿಸಿ ಹಿತಮಿತವಾಗಿ ಕೊಯ್ದರೆ ಗಿಡ ಸಾಯುವುದಿಲ್ಲ; ಸುಳಿ ಕಿತ್ತರೆ ಆ ಕಾಂಡ ಸತ್ತಂತೆಯೇ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು. ಸೋಲಿಗರು ಹಿಂದೆ ಹಚ್ಚುತ್ತಿದ್ದ ಸಣ್ಣ ನೆಲಬೆಂಕಿಯನ್ನು ತಡೆದ ಮೇಲೆಯೇ ಲಂಟಾನ ಮಿತಿಮೀರಿತೆಂದು ಆ ಜನರೇ ಹೇಳುತ್ತ ಬಂದಿದ್ದಾರೆ. ಅಲ್ಲಿ ಅವರ ಸಮುದಾಯದ ಅರಣ್ಯಹಕ್ಕಿಗೆ ಮನ್ನಣೆ ದೊರೆತದ್ದು 2011ರಲ್ಲಿ. ಬೆಟ್ಟವನ್ನು ದಿನವೂ ತುಳಿಯುವವರನ್ನು ಕೇಳದೆ ಬರೆದ ಲೆಕ್ಕ ಸರಿಹೋಗದೆಂಬುದು ನಮ್ಮ ಅಭಿಪ್ರಾಯ.

ಮುಂಬಯಿಯಲ್ಲಿ ಕುಳಿತು ನಾವೇನು ಮಾಡಬಲ್ಲೆವೆಂದು ವಾಚಕ ಬಂಧುಗಳು ಕೇಳಬಹುದು. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯತಿಯಲ್ಲೂ ಒಂದು ಸಮಿತಿಯಿದ್ದು, ಊರಿನ ಗಿಡಮರ ಪ್ರಾಣಿಗಳ ದಾಖಲೆ ಬರೆಯತಕ್ಕದ್ದು. ರಜೆಯಲ್ಲಿ ಘಟ್ಟದ ಬುಡದ ಊರಿಗೆ ಹೋಗುವ ನಮ್ಮ ಹುಡುಗರು ಹಿರಿಯರೊಬ್ಬರನ್ನು ಕರೆದುಕೊಂಡು ಒಂದು ದಿನ ಇಳಿಜಾರು ಹತ್ತಲಿ. ನೂರು ಹೆಜ್ಜೆಯೊಳಗೆ ಎಷ್ಟು ಬುಡ, ಎಷ್ಟು ಸಸಿ ಎಂದು ಎಣಿಸಲಿ. ಹಿಂದೆ ಹೇಗಿತ್ತೆಂದು ಹಿರಿಯರಿಂದ ಕೇಳಿ ಆ ದಾಖಲೆಯಲ್ಲಿ ಬರೆಸಲಿ. ಗುಮಾಸ್ತರಾದ ನಮ್ಮವರಿಗೆ ಲೆಕ್ಕ ಬರೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಇನ್ನು ಪೊರಕೆ ಕೊಳ್ಳುವಾಗ ಚೌಕಾಸಿ ಬೇಡ. ಗರಿ ತಂದವರ ಕೈಗೆ ನ್ಯಾಯವಾದ ಬೆಲೆ ಸಿಕ್ಕಿದರೆ, ಹೊಟ್ಟೆಪಾಡಿಗಾಗಿ ಸುಳಿಗೆ ಕತ್ತಿಯಿಡುವ ಪ್ರಮೇಯ ಅಷ್ಟರಮಟ್ಟಿಗೆ ಕಡಿಮೆಯಾದೀತು. ಇದನ್ನು ನಾವು ತಡವಾಗಿ ತಿಳಿದೆವು. ವಾಚಕರು ಬೇಗ ತಿಳಿಯಲೆಂಬುದೇ ನಮ್ಮ ಪ್ರಾರ್ಥನೆ.