ಇದರ ಕೆಳಗೆ ಊರುಂಟು

ಜಪಾನ್ ಎಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಚೆರಿಯ ಹೂವು, ಫೂಜಿ ಪರ್ವತ, ಗಾಳಿಯೊಡನೆ ಪಂದ್ಯ ಕಟ್ಟಿ ಓಡುವ ರೈಲು. ಆ ದೇಶದ ಪಶ್ಚಿಮ ಕರಾವಳಿಯ ಜನ ವರ್ಷದಲ್ಲಿ ಮೂರು ನಾಲ್ಕು ತಿಂಗಳು ಹಿಮದೊಡನೆ ಸೆಣಸುತ್ತ ಬಾಳುವರೆಂಬುದು ಎಷ್ಟೋ ಮಂದಿ ವಾಚಕರಿಗೆ ಹೊಸ ಸಂಗತಿಯಾಗಿ ತೋರಬಹುದು. ಅಲ್ಲಿನ ನೀಗಾತಾ ಪ್ರಾಂತದಲ್ಲಿ ತಕಾದಾ ಎಂಬುದೊಂದು ಹಳೆಯ ಪಟ್ಟಣ. ಇಂದು ಅದು ಜೋಯೆತ್ಸು ನಗರದ ಒಂದು ಭಾಗ. ಹಿಂದಿನ ಕಾಲದಲ್ಲಿ ಈ ಊರನ್ನು ಅರಸಿಕೊಂಡು ಬಂದವರಿಗೆ ಬರಿಯ ಹಿಮದ ಬಯಲು ಕಾಣುತ್ತಿತ್ತಂತೆ. ಅದರ ನಡುವೆ ಒಂದು ಹಲಗೆಯನ್ನು ನೆಟ್ಟು, ಇದರ ಕೆಳಗೆ ತಕಾದಾ ಉಂಟು ಎಂದು ಬರೆದಿದ್ದರಂತೆ. ಐತಿಹ್ಯದಲ್ಲಿ ಉತ್ಪ್ರೇಕ್ಷೆ ಸಹಜ. ಆದರೆ 1945ರ ಫೆಬ್ರವರಿ 26ರಂದು ಅಲ್ಲಿ ನೆಲದ ಮೇಲಿದ್ದ ಹಿಮದ ಆಳ 377 ಸೆಂಟಿಮೀಟರು, ಎಂದರೆ ಹನ್ನೆರಡು ಅಡಿಗೂ ಮಿಗಿಲು. ಇದು ಹವಾಮಾನ ಇಲಾಖೆಯ ದಾಖಲೆ. ಇದನ್ನು ತಿಳಿದ ಮೇಲೆ ಆ ಹಲಗೆಯ ಕಥೆಯನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ.

ಇಷ್ಟೊಂದು ಹಿಮ ಎಲ್ಲಿಂದ ಬರುತ್ತದೆ? ಚಳಿಗಾಲದಲ್ಲಿ ಸೈಬೀರಿಯದ ಕಡೆಯಿಂದ ಬೀಸುವ ಒಣಗಾಳಿ ಜಪಾನ್ ಸಮುದ್ರವನ್ನು ದಾಟುವಾಗ, ಅಲ್ಲಿ ಹರಿಯುವ ತ್ಸುಶಿಮಾ ಎಂಬ ಬೆಚ್ಚನೆಯ ಪ್ರವಾಹದ ಮೇಲಿನಿಂದ ನೀರಾವಿಯನ್ನು ಹೀರಿಕೊಳ್ಳುತ್ತದೆ. ದಡ ಸೇರಿ, ಬೆಟ್ಟಗಳಿಗೆ ತಾಗಿ ಮೇಲೇರಿದೊಡನೆ ಹೊತ್ತು ತಂದುದನ್ನು ಹಿಮವಾಗಿ ಸುರಿಸಿಬಿಡುತ್ತದೆ. ಅರಬ್ಬೀ ಸಮುದ್ರದ ಮೋಡ ಆಗುಂಬೆಯ ಘಟ್ಟಕ್ಕೆ ತಾಗಿ ಮಳೆಗರೆಯುವುದನ್ನು ಬಲ್ಲ ನಮಗೆ ಇದು ಅರ್ಥವಾಗದ ವಿಷಯವಲ್ಲ. ಆದರೆ ಮಳೆಯ ನೀರು ತಾನಾಗಿ ಹರಿದು ಹೋಗುತ್ತದೆ; ಹಿಮವಾದರೋ ಬಿದ್ದಲ್ಲಿಯೇ ಬೀಡುಬಿಡುತ್ತದೆ. ಅದನ್ನು ಮನುಷ್ಯನೇ ಎತ್ತಿ ಹಾಕಬೇಕು.

ತಕಾದಾದ ಬೀದಿಗಳಲ್ಲಿ ಮನೆಗಳ ಮುಂಭಾಗದ ಸೂರನ್ನು ಬೀದಿಯ ಕಡೆಗೆ ಚಾಚಿ, ಒಂದು ಮನೆಯ ಜಗಲಿಯಿಂದ ಇನ್ನೊಂದು ಮನೆಯ ಜಗಲಿಗೆ ನೆರಳುದಾರಿ ಮಾಡಿದ್ದಾರೆ. ಇದಕ್ಕೆ ಗಾಂಗಿ ಎಂದು ಹೆಸರು. ಎಲ್ಲವನ್ನೂ ಕೂಡಿಸಿದರೆ ಇದರ ಉದ್ದ ಹಿಂದೆ ಸುಮಾರು 16 ಕಿಲೋಮೀಟರು ಇತ್ತು. ಪ್ರತಿಯೊಬ್ಬನೂ ತನ್ನ ನೆಲದಲ್ಲಿ ಕೆಲವು ಅಡಿಗಳನ್ನು ಊರಿಗೆ ಬಿಟ್ಟುಕೊಟ್ಟುದರಿಂದ ಉಂಟಾದ ದಾರಿ ಅದು. ಛಾವಣಿಯ ಮೇಲಿನ ಹಿಮವನ್ನು ತೆಗೆಯುವ ಕೆಲಸ ಇನ್ನೂ ಕಠಿಣ. 2005-06ರ ಒಂದೇ ಚಳಿಗಾಲದಲ್ಲಿ ಹಿಮದಿಂದಾಗಿ ಜಪಾನಿನಲ್ಲಿ 152 ಮಂದಿ ಅಸುನೀಗಿದರು. ಅವರಲ್ಲಿ ಬಹುಮಂದಿ ಗುದ್ದಲಿ ಹಿಡಿದು ಹಿಮ ತೆಗೆಯಲು ಹೋದ ಮುದುಕರು.

ಹಿಮವೆಂದರೆ ಇಂತಹ ಶತ್ರುವಾಗಿದ್ದ ಊರಿನಲ್ಲಿಯೇ ಹಿಮದೊಡನೆ ಆಟವಾಡುವ ವಿದ್ಯೆ ಜಪಾನಿನಲ್ಲಿ ಬೇರೂರಿದುದು ಒಂದು ಸೋಜಿಗ. 1902ರಲ್ಲಿ ಉತ್ತರದ ಹಕ್ಕೋದಾ ಬೆಟ್ಟಗಳಲ್ಲಿ ಕವಾಯತಿಗೆ ಹೊರಟ 210 ಮಂದಿ ಸೈನಿಕರಲ್ಲಿ 199 ಮಂದಿ ಹಿಮದಲ್ಲಿ ಸತ್ತಿದ್ದರು. ಆ ದುರಂತವನ್ನು ಸೈನ್ಯ ಮರೆತಿರಲಿಲ್ಲ. ರಷ್ಯವನ್ನು ಗೆದ್ದ ಸೈನ್ಯದ ಪರಿಯನ್ನು ನೋಡಲೆಂದು 1910ರಲ್ಲಿ ಆಸ್ಟ್ರಿಯ-ಹಂಗೆರಿಯಿಂದ ಬಂದ ಮೇಜರ್ ಥಿಯೋಡೋರ್ ಫಾನ್ ಲೆರ್ಖ್ ಎಂಬ ಅಧಿಕಾರಿಯನ್ನು ತಕಾದಾದ ದಂಡಿಗೆ ಕಳುಹಿಸಿದರು. ಅಲ್ಲಿನ ಸೇನಾಪತಿ ನಾಗಾಓಕಾ ಗೈಶಿಯವರ ಪ್ರೋತ್ಸಾಹದಿಂದ 1911ರ ಜನವರಿ 12ರಂದು ಲೆರ್ಖ್ ಸೈನಿಕರಿಗೆ ಸ್ಕೀ ಎಂಬ ಜಾರುಹಲಗೆಗಳ ಪಾಠವನ್ನು ಆರಂಭಿಸಿದರು. ಮೊದಲ ಆಜ್ಞೆ ಫ್ರೆಂಚ್ ಭಾಷೆಯಲ್ಲಿತ್ತೆಂದು ಹೇಳುತ್ತಾರೆ. ಇಂದಿನವರಂತೆ ಎರಡು ಕೋಲುಗಳಲ್ಲ. ಅಂಬಿಗನ ಹುಟ್ಟಿನಂತೆ ಒಂದೇ ಉದ್ದನೆಯ ಕೋಲು. ನಾಗಾಓಕಾ ಅವರ ದೂರದೃಷ್ಟಿ ಮೆಚ್ಚತಕ್ಕದ್ದು. ಈ ವಿದ್ಯೆಯನ್ನು ದಂಡಿನ ಬೇಲಿಯೊಳಗೆ ಬಚ್ಚಿಡದೆ ಊರಿನವರಿಗೂ ಕಲಿಸಿದರು. ಹೆಂಗಸರೂ ಹಲಗೆ ಕಟ್ಟಿಕೊಂಡು ಜಾರಿದರು. ಯುದ್ಧಕ್ಕೆಂದು ಬಂದ ಸಾಧನ ಕೆಲವೇ ವರ್ಷಗಳಲ್ಲಿ ಮಕ್ಕಳ ಆಟಿಕೆಯಾಯಿತು.

ಆ ಪಾಠ ನಡೆದ ಗುಡ್ಡ ಕನಾಯಾಸಾನ್. ಇಂದು ಟೋಕಿಯೋದಿಂದ ಜೋಯೆತ್ಸು-ಮ್ಯೋಕೋ ನಿಲ್ದಾಣಕ್ಕೆ ವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆಯ ಪಯಣ. ಅಲ್ಲಿಂದ ತಕಾದಾಕ್ಕೆ ಸಣ್ಣ ರೈಲು ಉಂಟು. ಜಗತ್ಪ್ರಸಿದ್ಧ ಸ್ಥಳವೆಂದು ಹಿರಿದಾಗಿ ಕಲ್ಪಿಸಿಕೊಂಡು ಹೋದವರಿಗೆ ನಿರಾಶೆ ತಪ್ಪದು. ಗುಡ್ಡದ ಎತ್ತರ ಇನ್ನೂರು ಮೀಟರನ್ನೂ ಮುಟ್ಟದು. ಒಂಟಿ ಕೋಲು ಹಿಡಿದ ಲೆರ್ಖ್ ಅವರ ಪ್ರತಿಮೆ, ಸ್ಕೀ ಹುಟ್ಟಿದ ಕಥೆ ಹೇಳುವ ಒಂದು ಸ್ಮಾರಕ ಭವನ, ಮಕ್ಕಳು ಬೀಳಲು ಏಳಲು ತಕ್ಕ ಇಳಿಜಾರು. ಜಪಾನಿನ ಹಿಮನಾಡಿನಲ್ಲಿ ಪುರಸಭೆಗಳು ನಡೆಸುವ ಇಂತಹ ಸಣ್ಣ ಗುಡ್ಡಗಳು ಹಲವಿವೆ. ಅಲ್ಲಿ ಬೆಡಗಿನ ಹೋಟೆಲುಗಳಿಲ್ಲ. ಒಂದೆರಡು ಲಿಫ್ಟುಗಳು, ಬಿಸಿ ಬಿಸಿ ಶಾವಿಗೆಯ ಸಾರು ಮತ್ತು ಕರಿ-ಅನ್ನ ಕೊಡುವ ಉಪಾಹಾರ ಗೃಹ, ಒದ್ದೆ ಕೈಗವಸುಗಳನ್ನು ಒಣಗಿಸಿಕೊಳ್ಳಲು ಒಲೆ. ದೂರದ ದೊಡ್ಡ ಬೆಟ್ಟಗಳಿಗೆ ಪರದೇಶದ ಶ್ರೀಮಂತರು ಬರುತ್ತಾರೆ. ಇಲ್ಲಿಗೆ ಬರುವವರು ಶಾಲೆಯ ಮೇಷ್ಟರು, ಅವರ ಹಿಂದೆ ಸಾಲಾಗಿ ಬಾತುಮರಿಗಳಂತೆ ಮಕ್ಕಳು, ಮಗುವಿನ ಸೊಂಟ ಹಿಡಿದು ಬಗ್ಗಿ ನಡೆಯುವ ತಾಯಿ.

ಆದರೆ ಈ ಗುಡ್ಡಗಳಿಗೆ ಕೇಡುಗಾಲ ಬಂದಿದೆ. 1972ರ ಸಪ್ಪೋರೋ ಒಲಿಂಪಿಕ್ಸ್, 1982ರಲ್ಲಿ ನೀಗಾತಾಕ್ಕೆ ಬಂದ ವೇಗದ ರೈಲು, ಕೈತುಂಬ ಹಣ ಓಡಾಡುತ್ತಿದ್ದ 1980ರ ದಶಕ, ಇವೆಲ್ಲ ಕೂಡಿ ಜಪಾನಿಗೆ ಸ್ಕೀ ಹುಚ್ಚು ಹಿಡಿಸಿದ್ದುವು. 1990ರ ದಶಕದಲ್ಲಿ ಹಿಮದ ಮೇಲೆ ಜಾರುವವರ ಸಂಖ್ಯೆ ಸುಮಾರು 1 ಕೋಟಿ 80 ಲಕ್ಷಕ್ಕೆ ಏರಿತ್ತು. ಇಂದು ಅದರ ಮೂರನೆಯ ಒಂದು ಪಾಲೂ ಉಳಿದಿಲ್ಲ. ಹಳ್ಳಿಗಳಲ್ಲಿ ಮಕ್ಕಳಿಲ್ಲ, ಲಿಫ್ಟುಗಳಿಗೆ ವಯಸ್ಸಾಗಿದೆ, ಹಿಮಕ್ಕೂ ನಿಯಮ ತಪ್ಪಿದೆ. 2019-20ರ ಚಳಿಗಾಲದಲ್ಲಿ ಹಿಮವಿಲ್ಲದೆ ಅನೇಕ ಕಡೆ ಬಾಗಿಲು ತೆರೆಯಲಾಗಲಿಲ್ಲ. ಮರುವರ್ಷವೇ, 2021ರ ಜನವರಿಯಲ್ಲಿ, ತಕಾದಾದಲ್ಲಿ ಒಂದೇ ದಿನದಲ್ಲಿ ಒಂದು ಮೀಟರಿನಷ್ಟು ಹಿಮ ಸುರಿದು ಊರೇ ಸ್ತಬ್ಧವಾಯಿತು.

ಪುರಸಭೆಯ ಸದಸ್ಯರು ಏನು ಮಾಡಬೇಕು? ಲಿಫ್ಟಿನ ಟಿಕೀಟು ಮಾರಿ ಬಂದ ಹಣ ಲಿಫ್ಟಿನ ದುರಸ್ತಿಗೆ ಸಾಲದು. ಛಾವಣಿಯ ಹಿಮ ತೆಗೆಯಲಾರದ ಮುದುಕಿಯೊಬ್ಬಳು ನೆರವು ಬೇಡುತ್ತಿರುವಾಗ ಮಕ್ಕಳ ಜಾರಾಟಕ್ಕೆ ಹಣ ತೆಗೆದಿಡಬಹುದೆ? ಈ ಪ್ರಶ್ನೆ ಹಗುರವಾದುದಲ್ಲ. ಹೊಕ್ಕಾಯಿದೋದ ಯೂಬಾರಿ ನಗರ ಕಲ್ಲಿದ್ದಲು ಗಣಿಗಳು ಮುಚ್ಚಿದ ಮೇಲೆ, ಪ್ರವಾಸಿಗಳು ಬರುವರೆಂದು ನಂಬಿ ವಿನೋದ ಸ್ಥಾನಗಳಿಗೂ ಸ್ಕೀ ಬೆಟ್ಟಕ್ಕೂ ಹಣ ಸುರಿದು, 2007ರಲ್ಲಿ ದಿವಾಳಿಯಾದ ಊರೆಂದು ಸರ್ಕಾರದ ಪಟ್ಟಿಗೆ ಸೇರಿತು. ಆ ಪಾಠ ಎಲ್ಲರ ಮುಂದಿದೆ.

ಆದರೂ ಯೂಬಾರಿಯ ಪಾಠವನ್ನು ಇಲ್ಲಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲವೆಂದು ನನ್ನ ಭಾವನೆ. ಹೊರಗಿನವರ ಹಣಕ್ಕೆ ಬಾಯಿ ತೆರೆದು ಕಟ್ಟಿದುದನ್ನು ಲಾಭ ನಷ್ಟದಿಂದ ಅಳೆಯಬೇಕು, ಅದು ನ್ಯಾಯ. ಊರಿನ ಮಕ್ಕಳಿಗೆಂದು ಇರಿಸಿಕೊಂಡ ಗುಡ್ಡ ವಾಚನಾಲಯದ ಜಾತಿಗೆ ಸೇರಿದುದು. ವಾಚನಾಲಯ ಲಾಭ ತರಲಿಲ್ಲವೆಂದು ಯಾರೂ ದೂರುವುದಿಲ್ಲ. ಹಿಮನಾಡಿನ ಪುರಸಭೆಯ ಲೆಕ್ಕದ ಪುಸ್ತಕದಲ್ಲಿ ಹಿಮವೆಂಬುದು ಪುಟಪುಟದಲ್ಲಿಯೂ ಖರ್ಚಿನ ಕಡೆಗೇ ಬೀಳುತ್ತದೆ: ರಸ್ತೆ ತೆರವಿಗೆ ಇಷ್ಟು, ಯಂತ್ರಕ್ಕೆ ಇಷ್ಟು, ಕೂಲಿಗೆ ಇಷ್ಟು. ಹಿಮವನ್ನು ಜಮೆಯ ಕಡೆಗೆ ಬರೆಯಬಹುದಾದ ಪುಟ ಆ ಸಣ್ಣ ಗುಡ್ಡವೊಂದೇ. ಅದನ್ನೂ ಹರಿದು ಹಾಕಿದರೆ, ಅಲ್ಲಿ ಹುಟ್ಟಿದ ಮಗುವಿಗೆ ಹಿಮವೆಂದರೆ ಗುದ್ದಲಿ, ಬೆನ್ನುನೋವು, ತಡವಾದ ರೈಲು, ಅಷ್ಟೇ. ಅಂತಹ ಮಗು ಬೆಳೆದು ಟೋಕಿಯೋಕ್ಕೆ ಹೊರಟುಹೋದರೆ ಅದನ್ನು ತಡೆದು ನಿಲ್ಲಿಸಲು ಹೆತ್ತವರ ಬಳಿ ಯಾವ ಮಾತು ಉಳಿದಿರುತ್ತದೆ?

ಲಿಫ್ಟು ಕೆಟ್ಟರೆ ಹಗ್ಗವೊಂದನ್ನು ಎಳೆಯುವ ಯಂತ್ರವಾದರೂ ಸಾಕು. ಅದೂ ಇಲ್ಲವಾದರೆ, 1911ರ ಸೈನಿಕರಂತೆ ಹಲಗೆ ಹೊತ್ತು ಕಾಲ್ನಡೆಯಲ್ಲಿ ಗುಡ್ಡ ಹತ್ತಬಹುದು. ಕಿರಿದಾಗಿ ಉಳಿಯುವುದರಲ್ಲಿ ಅವಮಾನವಿಲ್ಲ. ಆಕಾಶ ಕಳುಹಿಸಿದುದನ್ನು ನಿಲ್ಲಿಸುವ ಶಕ್ತಿ ಯಾವ ಊರಿಗೂ ಇಲ್ಲ. ಅದರ ಕೆಳಗೆ ಹುದುಗಿರಬೇಕೋ, ಅದರ ಮೇಲೇರಿ ನಗಬೇಕೋ ಎಂಬುದನ್ನು ಮಾತ್ರ ಊರೇ ತನ್ನ ಮಕ್ಕಳಿಗೆ ಕಲಿಸಬೇಕು.