ಹಳೆಯ ಕ್ಯಾರವಾನಿನ ಕೆಟ್ಟ ರೆಫ್ರಿಜರೇಟರ್: ದುರಸ್ತಿಯೋ, ಬದಲಾವಣೆಯೋ?

ಪ್ರವಾಸೋದ್ಯಮದಲ್ಲಿ ಕ್ಯಾರವಾನ್ ಎಂಬ ಪದ ಇಂದು ಅಪರಿಚಿತವಾಗಿ ಉಳಿದಿಲ್ಲ. ನೆರೆಯ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಪ್ರತ್ಯೇಕ ಯೋಜನೆಯನ್ನು ಪ್ರಕಟಿಸಿತು. ಕರ್ನಾಟಕದಲ್ಲಿಯೂ ಹಾಸಿಗೆ, ಅಡುಗೆಕಟ್ಟೆ, ಶೌಚಗೃಹಗಳುಳ್ಳ ವಾಹನಗಳನ್ನು ಬಾಡಿಗೆಗೆ ನೀಡುವ ಸಣ್ಣ ಉದ್ಯಮಿಗಳಿದ್ದಾರೆ. ಇಂತಹ ವಾಹನ ಹೊಸದಾಗಿರುವಾಗ ಮಾಲೀಕನ ಗಮನವೆಲ್ಲ ಸಾಲದ ಕಂತು ಮತ್ತು ಡೀಸೆಲ್ ಬೆಲೆಯ ಮೇಲಿರುತ್ತದೆ. ವಾಹನಕ್ಕೆ ಹತ್ತು-ಹನ್ನೆರಡು ವರ್ಷ ತುಂಬಿದ ಮೇಲೆ ಒಳಗಿನ ಉಪಕರಣಗಳು ಒಂದೊಂದಾಗಿ ಕೈಕೊಡಲಾರಂಭಿಸುತ್ತವೆ. ಅವುಗಳಲ್ಲಿ ರೆಫ್ರಿಜರೇಟರ್ ಅತ್ಯಂತ ದುಬಾರಿಯಾದುವುಗಳಲ್ಲಿ ಒಂದು. ಅದು ಕೆಟ್ಟಾಗ ಕೈಗೊಳ್ಳುವ ನಿರ್ಧಾರ ಸಣ್ಣದೆಂದು ತೋರಿದರೂ, ಒಂದೆರಡು ವಾಹನಗಳನ್ನೇ ನಂಬಿದ ಉದ್ಯಮಿಯ ಆ ವರ್ಷದ ಲಾಭವನ್ನೇ ಅದು ನುಂಗಿಹಾಕಬಲ್ಲದು.

ಸಾಮಾನ್ಯವಾಗಿ ಮಾಲೀಕರು ಎರಡು ಅತಿರೇಕಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಮೊದಲಿದ್ದ ಮಾದರಿಯನ್ನೇ ಎಷ್ಟು ಬೆಲೆಯಾದರೂ ತರಿಸಬೇಕೆನ್ನುವವರು ಕೆಲವರು. ಹತ್ತಿರದ ಅಂಗಡಿಯಲ್ಲಿ ಸಿಗುವ ಅಗ್ಗದ ಗೃಹಬಳಕೆಯ ಫ್ರಿಜ್ಜನ್ನು ತಂದು ತುರುಕುವವರು ಇನ್ನು ಕೆಲವರು. ಎರಡರಲ್ಲಿಯೂ ಲೆಕ್ಕ ನಡೆಯುವುದು ಖರೀದಿಯ ಬೆಲೆಯ ಮೇಲೆ ಮಾತ್ರ. ಉಳಿದ ಆಯುಷ್ಯದಲ್ಲಿ ವಾಹನ ದುಡಿಯುವ ಪ್ರತಿಯೊಂದು ದಿನಕ್ಕೆ ಆ ಉಪಕರಣ ಎಷ್ಟು ವೆಚ್ಚ ತರುತ್ತದೆ ಎಂಬುದೇ ನಿಜವಾದ ಅಳತೆಗೋಲಾಗಬೇಕು.

ಶತಮಾನದ ಹಿಂದಿನ ತಂತ್ರ

ಮೋಟಾರ್‌ಹೋಮ್‌ಗಳ ತವರು ಅಮೆರಿಕ. ಅಲ್ಲಿನ ಇಂಡಿಯಾನಾ ರಾಜ್ಯದ ಎಲ್ಖಾರ್ಟ್ ಪ್ರದೇಶ ಈ ಉದ್ದಿಮೆಯ ರಾಜಧಾನಿಯೆಂದೇ ಹೆಸರಾಗಿದೆ. ಅಲ್ಲಿನ ಹಳೆಯ ವಾಹನಗಳಲ್ಲಿ ಹೆಚ್ಚಾಗಿ ಕಂಡುಬರುವುದು ಅಬ್ಸಾರ್ಪ್ಷನ್ ಮಾದರಿಯ ರೆಫ್ರಿಜರೇಟರ್. ಸ್ವೀಡನ್ನಿನ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳಾದ ಬಾಲ್ಟ್‌ಜಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ 1922ರಲ್ಲಿ ರೂಪಿಸಿದ ಈ ಯಂತ್ರವನ್ನು ಎಲೆಕ್ಟ್ರೋಲಕ್ಸ್ ಸಂಸ್ಥೆ 1925ರಿಂದ ಮಾರುಕಟ್ಟೆಗೆ ತಂದಿತು. ಇದರಲ್ಲಿ ಕಂಪ್ರೆಸರ್ ಇಲ್ಲ, ಚಲಿಸುವ ಭಾಗವೂ ಇಲ್ಲ. ಅಮೋನಿಯಾ, ನೀರು ಮತ್ತು ಹೈಡ್ರೋಜನ್ ಮುಚ್ಚಿದ ಕೊಳವೆಗಳಲ್ಲಿ ಶಾಖದ ಬಲದಿಂದ ಸುತ್ತುತ್ತವೆ. ಗ್ಯಾಸಿನ ಸಣ್ಣ ಜ್ವಾಲೆಯಿಂದಲೂ, ವಿದ್ಯುತ್ ಹೀಟರಿನಿಂದಲೂ ಅದು ನಡೆಯುತ್ತದೆ. ಸದ್ದಿಲ್ಲದ ಈ ಗುಣಕ್ಕಾಗಿಯೇ ಹೋಟೆಲ್ ಕೊಠಡಿಗಳ ಮಿನಿಬಾರ್‌ಗಳಲ್ಲಿಯೂ ಇದೇ ತಂತ್ರ ಬಳಕೆಗೆ ಬಂದಿತು.

ವಿದ್ಯುತ್ ಸಂಪರ್ಕವಿಲ್ಲದ ಕಾಡಿನ ನಡುವೆ ವಾರಗಟ್ಟಲೆ ನಿಲ್ಲುವವರಿಗೆ ಇದು ವರದಾನವಾಗಿತ್ತು. ಆದರೆ ಇದಕ್ಕೆ ಮೂರು ದೌರ್ಬಲ್ಯಗಳಿವೆ. ಮೊದಲನೆಯದು, ನಿಂತಾಗ ಸಮತಟ್ಟಾಗಿರಬೇಕು. ಇಳಿಜಾರಿನಲ್ಲಿ ನಿಲ್ಲಿಸಿ ನಡೆಸಿದರೆ ದ್ರವದ ಹರಿವು ತಡೆದು ಕುದಿಕೊಳವೆ ಅತಿಯಾಗಿ ಕಾಯುತ್ತದೆ. ಪದೇ ಪದೇ ಹೀಗಾದರೆ ಘಟಕವೇ ಹಾಳಾಗುತ್ತದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಸಮತಟ್ಟಾದ ನಿಲುಗಡೆ ಸುಲಭವಾಗಿ ದೊರೆಯುವುದಿಲ್ಲವೆಂಬುದು ಎಲ್ಲರಿಗೂ ತಿಳಿದ ವಿಷಯ. ಎರಡನೆಯದು, ಹೊರಗಿನ ಸೆಕೆ ಹೆಚ್ಚಿದಂತೆ ಇದರ ತಂಪು ಕುಗ್ಗುತ್ತದೆ. ರಾಯಚೂರು, ಕಲಬುರಗಿಗಳ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಹಾಲು ಕೆಡದಂತೆ ಕಾಯುವುದೂ ಅದಕ್ಕೆ ಕಷ್ಟ. ಮೂರನೆಯದು ಸುರಕ್ಷತೆ. ಬೆಂಕಿಯ ಅಪಾಯದ ಕಾರಣದಿಂದ ಅಮೆರಿಕದಲ್ಲಿ 2006ರಲ್ಲಿ ಒಂದು ತಯಾರಕ ಸಂಸ್ಥೆ 9 ಲಕ್ಷಕ್ಕೂ ಹೆಚ್ಚು ರೆಫ್ರಿಜರೇಟರ್‌ಗಳನ್ನು ಸರಿಪಡಿಸಲು ಹಿಂದಕ್ಕೆ ಕರೆಯಬೇಕಾಯಿತು. ಹಳೆಯ ಘಟಕವನ್ನು ಹೇಗಾದರೂ ಎಳೆದುಕೊಂಡು ಹೋಗೋಣ ಎನ್ನುವವರು ಈ ಸಂಗತಿಯನ್ನು ಮರೆಯಬಾರದು.

ಮೊದಲು ರೋಗನಿರ್ಣಯ

ಕೆಟ್ಟಿದೆ ಎಂದು ಘೋಷಿಸುವ ಮೊದಲು ಏನು ಕೆಟ್ಟಿದೆ ಎಂಬುದನ್ನು ಅರಿಯುವುದು ಅಗತ್ಯ. ಸುಟ್ಟ ಫ್ಯೂಸ್, ಸಡಿಲಗೊಂಡ ಭೂಸಂಪರ್ಕ ತಂತಿ, ಮಸಿ ಕಟ್ಟಿದ ಬರ್ನರ್, ಹಿಂಬದಿಯ ಗಾಳಿಕಿಂಡಿಯಲ್ಲಿ ಕಟ್ಟಿದ ಕಣಜದ ಗೂಡು, ಸವೆದ ಬಾಗಿಲಿನ ರಬ್ಬರ್ ಇವುಗಳಲ್ಲಿ ಯಾವುದೊಂದಾದರೂ ಫ್ರಿಜ್ಜನ್ನು ನಿಷ್ಪ್ರಯೋಜಕವೆಂಬಂತೆ ತೋರಿಸಬಲ್ಲದು. ಇವೆಲ್ಲ ಅಲ್ಪ ಹಣದಲ್ಲಿ ಮುಗಿಯುವ ಕೆಲಸ. ವಾಹನವನ್ನು ಸಮತಟ್ಟಾಗಿ ನಿಲ್ಲಿಸಿ, ಹೀಟರ್ ಕಾಯುತ್ತಿದೆಯೆಂದು ಖಚಿತಪಡಿಸಿಕೊಂಡು, ಒಂದು ಇಡೀ ದಿನ ಕಾದ ಮೇಲೂ ಒಳಗೆ ತಂಪಾಗದಿದ್ದರೆ ಮಾತ್ರ ಶೀತಲ ಘಟಕವನ್ನು ಸಂಶಯಿಸಬೇಕು. ಅಮೋನಿಯಾದ ಕಟು ವಾಸನೆ ಅಥವಾ ಕೊಳವೆಯ ಬಳಿ ಹಳದಿ ಪುಡಿ ಕಂಡರೆ ಸಂಶಯಕ್ಕೆ ಎಡೆಯಿಲ್ಲ: ಘಟಕ ಸೋರಿದೆ. ಅದನ್ನು ಕೂಡಲೇ ನಿಲ್ಲಿಸಿ ಗಾಳಿಯಾಡಲು ಬಿಡಬೇಕು.

ಇರುವ ಮೂರು ದಾರಿಗಳು

ಒಂದನೆಯದು, ಫ್ರಿಜ್ಜಿನ ಪೆಟ್ಟಿಗೆಯನ್ನು ಉಳಿಸಿಕೊಂಡು ಹಿಂಬದಿಯ ಶೀತಲ ಘಟಕವನ್ನಷ್ಟೇ ಬದಲಿಸುವುದು. ಅಮೆರಿಕದಲ್ಲಿ ಇದು ಜನಪ್ರಿಯ ಮಾರ್ಗ. ಸಾರ್ವಜನಿಕ ವಿದ್ಯುತ್ ಜಾಲವನ್ನು ಬಳಸದ ಆಮಿಷ್ ಸಮುದಾಯದ ಕುಶಲಕರ್ಮಿಗಳು ಅಲ್ಲಿ ಇಂತಹ ಘಟಕಗಳನ್ನು ಮೂಲ ತಯಾರಿಕೆಗಿಂತ ದಪ್ಪನೆಯ ಕೊಳವೆಗಳಿಂದ ಕಟ್ಟಿ ಮಾರುತ್ತಾರೆ. ಇದೇ ಮಾದರಿಯ ಪೂರ್ಣ ಹೊಸ ಫ್ರಿಜ್ಜನ್ನು ತರಿಸುವುದಕ್ಕಿಂತ ಇದು ಅಗ್ಗ. ಆದರೆ ಘಟಕವನ್ನು ಸಾಗಿಸಿ ತರುವ ವೆಚ್ಚ ಮತ್ತು ಕಾಲ ಭಾರತದ ಮಾಲೀಕನಿಗೆ ಭಾರವಾಗುತ್ತವೆ.

ಎರಡನೆಯದು, 12 ಅಥವಾ 24 ವೋಲ್ಟ್ ಬ್ಯಾಟರಿಯಿಂದ ನೇರವಾಗಿ ನಡೆಯುವ ಕಂಪ್ರೆಸರ್ ಫ್ರಿಜ್. ಸೌರಶಕ್ತಿ ಬಳಕೆಗೆಂದು ತಯಾರಾದ ಇಂತಹವು ಭಾರತದಲ್ಲಿಯೂ ದೊರೆಯುತ್ತವೆ. ಸಾಧಾರಣ ಗಾತ್ರದ್ದು ದಿನಕ್ಕೆ ಅರ್ಧದಿಂದ ಮುಕ್ಕಾಲು ಯೂನಿಟ್ ವಿದ್ಯುತ್ ಬಳಸುತ್ತದೆ. ಇಳಿಜಾರು, ಸೆಕೆಗಳ ತೊಂದರೆ ಇದಕ್ಕೆ ಬಹಳ ಕಡಿಮೆ. ಬ್ಯಾಟರಿ ಕುಸಿದಾಗ ತಾನಾಗಿಯೇ ನಿಲ್ಲುವ ರಕ್ಷಣೆಯೂ ಸಾಮಾನ್ಯವಾಗಿ ಇರುತ್ತದೆ.

ಮೂರನೆಯದು, ಗೃಹಬಳಕೆಯ ಫ್ರಿಜ್ ಮತ್ತು ಇನ್ವರ್ಟರ್. ಫ್ರಿಜ್ಜಿನ ಬೆಲೆ ಅತಿ ಕಡಿಮೆ. ಆದರೆ ಇನ್ವರ್ಟರ್ ಶುದ್ಧ ಸೈನ್ ತರಂಗದ್ದಾಗಿರಬೇಕು, ಕಂಪ್ರೆಸರ್ ಆರಂಭವಾಗುವಾಗಿನ ಹೆಚ್ಚುವರಿ ಹೊರೆಯನ್ನು ತಡೆದುಕೊಳ್ಳಬೇಕು. ಇನ್ವರ್ಟರ್ ತಾನೂ ವಿದ್ಯುತ್ ತಿನ್ನುತ್ತದೆ. ಇಲ್ಲಿ ಬ್ಯಾಟರಿಯ ಲೆಕ್ಕ ತಪ್ಪಿದರೆ ಮಧ್ಯರಾತ್ರಿ ಫ್ರಿಜ್ ನಿಲ್ಲುವುದು ಖಂಡಿತ. 12 ವೋಲ್ಟಿನ 200 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 2.4 ಯೂನಿಟ್ ಇರುತ್ತದೆ; ಸೀಸ-ಆಮ್ಲ ಬ್ಯಾಟರಿಯಾದರೆ ಅದರ ಅರ್ಧವನ್ನು ಮಾತ್ರ ಬಳಸುವುದು ವಿವೇಕ.

ಅಂಕಿಗಳು ಹೇಳುವುದೇನು?

ಉದಾಹರಣೆಗೆ, ವಾಹನಕ್ಕೆ ಇನ್ನೂ 5 ವರ್ಷ ಆಯುಷ್ಯವಿದೆ, ವರ್ಷಕ್ಕೆ 100 ದಿನ ಬಾಡಿಗೆ ಸಿಗುತ್ತದೆ ಎಂದಿಟ್ಟುಕೊಳ್ಳಬಹುದು. ಒಟ್ಟು 500 ದಿನ. ಮುಂದಿನ ಮೊತ್ತಗಳು ಲೆಕ್ಕದ ವಿಧಾನವನ್ನು ತೋರಿಸಲು ಕಲ್ಪಿಸಿಕೊಂಡವು. ಪ್ರತಿ ಮಾಲೀಕನೂ ತನ್ನ ದರಪಟ್ಟಿಯ ಅಂಕಿಗಳನ್ನು ಅಲ್ಲಿ ಇಟ್ಟುಕೊಳ್ಳಬೇಕು. ಹಳೆಯ ಮಾದರಿಯದೇ ಆಮದು ಫ್ರಿಜ್ಜಿಗೆ 1,80,000 ರೂ., ದಿನಕ್ಕೆ ಅರ್ಧ ಕಿಲೋ ಗ್ಯಾಸಿನಂತೆ 500 ದಿನಕ್ಕೆ 25,000 ರೂ. ಸೇರಿ 2,05,000 ರೂ. ಆಗುತ್ತದೆ, ದಿನಕ್ಕೆ 410 ರೂ. ಬ್ಯಾಟರಿ ಫ್ರಿಜ್ಜಿಗೆ 60,000 ರೂ., ಹೆಚ್ಚುವರಿ ಬ್ಯಾಟರಿ ಮತ್ತು ಸೌರಫಲಕಕ್ಕೆ 50,000 ರೂ. ಎಂದರೆ 1,10,000 ರೂ.; ದಿನಕ್ಕೆ 220 ರೂ. ಗೃಹಬಳಕೆಯ ಫ್ರಿಜ್ಜಿಗೆ 20,000, ಮರಗೆಲಸ ಮತ್ತು ಜೋಡಣೆಗೆ 10,000, ಇನ್ವರ್ಟರಿಗೆ 15,000, ದೊಡ್ಡ ಬ್ಯಾಟರಿ ಮತ್ತು ಸೌರಫಲಕಕ್ಕೆ 65,000 ಸೇರಿದರೆ ಅದೂ 1,10,000 ರೂ. ಆಗುತ್ತದೆ. ಇಪ್ಪತ್ತು ಸಾವಿರದ ಫ್ರಿಜ್ಜಿನ ಅಗ್ಗತನ ಎಲ್ಲಿ ಕರಗಿಹೋಯಿತೆಂಬುದನ್ನು ಇದು ತೋರಿಸುತ್ತದೆ.

ಆದರೆ ವಾಹನದಲ್ಲಿ ಟಿ.ವಿ. ಮತ್ತು ದೀಪಗಳಿಗಾಗಿ ಸಾಕಷ್ಟು ಬ್ಯಾಟರಿ, ಸೌರಫಲಕ, ಇನ್ವರ್ಟರ್ ಮೊದಲೇ ಇದ್ದು, ಅವುಗಳಲ್ಲಿ ಹೆಚ್ಚುವರಿ ಸಾಮರ್ಥ್ಯವಿದ್ದರೆ ಚಿತ್ರವೇ ಬದಲಾಗುತ್ತದೆ. ಆಗ ಗೃಹಬಳಕೆಯ ಫ್ರಿಜ್ಜಿನ ವೆಚ್ಚ 30,000 ರೂ. ಮಾತ್ರ, ದಿನಕ್ಕೆ 60 ರೂ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ವಾಹನದಲ್ಲಿ ಏನೇನು ಇದೆ ಎಂಬ ಪಟ್ಟಿ ಸಿದ್ಧವಾಗಬೇಕು.

ಇವೆಲ್ಲಕ್ಕಿಂತ ಭಾರವಾದ ವೆಚ್ಚ ಇನ್ನೊಂದಿದೆ; ಅದು ಯಾವ ದರಪಟ್ಟಿಯಲ್ಲಿಯೂ ಕಾಣುವುದಿಲ್ಲ. ದಸರಾ ಅಥವಾ ಡಿಸೆಂಬರ್ ರಜೆಯ ಹೊತ್ತಿನಲ್ಲಿ ಆಮದು ಘಟಕಕ್ಕಾಗಿ ಕಾಯುತ್ತ ವಾಹನ 20 ಬಾಡಿಗೆ ದಿನಗಳನ್ನು ಕಳೆದುಕೊಂಡಿತೆನ್ನೋಣ. ಚರ ವೆಚ್ಚ ಕಳೆದು ದಿನಕ್ಕೆ 8,000 ರೂ. ಉಳಿಯುತ್ತಿದ್ದರೆ ನಷ್ಟ 1,60,000 ರೂ. ಮೇಲಿನ ಲೆಕ್ಕದ ಎರಡನೆಯ ಅಥವಾ ಮೂರನೆಯ ದಾರಿಯ ಒಟ್ಟು ವೆಚ್ಚವನ್ನೂ ಇದು ಮೀರುತ್ತದೆ. ಒಂದು ವಾರದೊಳಗೆ ದೊರೆಯುವ, ಯಾವ ಊರಿನ ಮೆಕ್ಯಾನಿಕ್‌ನಿಂದಲಾದರೂ ದುರಸ್ತಿಯಾಗುವ ಉಪಕರಣಕ್ಕೆ ಈ ಕಾರಣದಿಂದಲೇ ಮೊದಲ ಮಣೆ ಹಾಕಬೇಕು. "ಈ ಗಾಡಿಗೆ ಈಗಾಗಲೇ ಇಷ್ಟೊಂದು ಸುರಿದಿದ್ದೇನೆ, ಮೂಲ ಸಾಮಾನೇ ಇರಲಿ" ಎಂಬ ಭಾವನೆಗೆ ಲೆಕ್ಕದಲ್ಲಿ ಸ್ಥಾನವಿಲ್ಲ. ಹೋದ ಹಣ ಯಾವ ದಾರಿ ಹಿಡಿದರೂ ಮರಳಿ ಬರುವುದಿಲ್ಲ.

ತೆರಿಗೆಯ ಕೋನ

ರೆಫ್ರಿಜರೇಟರ್ ಮೇಲಿನ ಜಿಎಸ್‌ಟಿ 2018ರ ಜುಲೈಯಲ್ಲಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಚಾಲಕನೂ ಸೇರಿ 13 ಮಂದಿಯವರೆಗಿನ ಆಸನವುಳ್ಳ ವಾಹನ ಮತ್ತು ಅದರ ದುರಸ್ತಿಯ ಮೇಲಿನ ಹೂಡುವಳಿ ತೆರಿಗೆ ಜಮೆಗೆ ಕಾನೂನಿನಲ್ಲಿ ಸಾಮಾನ್ಯ ನಿರ್ಬಂಧವಿದೆ. ಪ್ರಯಾಣಿಕರನ್ನು ಸಾಗಿಸುವ ತೆರಿಗೆಗೊಳಪಟ್ಟ ವ್ಯವಹಾರಕ್ಕೆ ಬಳಸುವ ವಾಹನಕ್ಕೆ ವಿನಾಯಿತಿಯಿದೆ. ಜಮೆಯನ್ನು ಬಿಟ್ಟುಕೊಟ್ಟು ಕಡಿಮೆ ದರದಲ್ಲಿ ತೆರಿಗೆ ಕಟ್ಟುವವರಿಗೆ ಈ ಲಾಭವಿಲ್ಲ. ಅರ್ಹತೆಯುಳ್ಳವರು ನೋಂದಣಿ ಸಂಖ್ಯೆ ನಮೂದಿಸಿದ ಬಿಲ್ಲನ್ನೇ ಪಡೆಯಬೇಕು. ತೆರಿಗೆ ಸೇರಿ 20,000 ರೂ. ಬೆಲೆಯ ಫ್ರಿಜ್ಜಿನಲ್ಲಿ ಸುಮಾರು 3,050 ರೂ. ತೆರಿಗೆಯೇ ಅಡಗಿರುತ್ತದೆ. ಮಾಲೀಕನ ಹೆಸರಿನಲ್ಲಿ ಮನೆಯ ವಿಳಾಸಕ್ಕೆ ಬಿಲ್ಲು ಮಾಡಿಸುವ ಅಭ್ಯಾಸದಿಂದ ಈ ಹಣ ವೃಥಾ ಹೋಗುತ್ತದೆ.

ಆದಾಯ ತೆರಿಗೆಯಲ್ಲಿ ಪ್ರಶ್ನೆ ಬೇರೆ: ಇದು ಚಾಲ್ತಿ ದುರಸ್ತಿಯೋ, ಬಂಡವಾಳ ವೆಚ್ಚವೋ? ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲಿ, ಸ್ವತಂತ್ರವಾದ ಒಂದು ಯಂತ್ರವನ್ನೇ ಬದಲಿಸುವುದು ಚಾಲ್ತಿ ದುರಸ್ತಿಯಾಗದು ಎಂದಿತು. ಶೀತಲ ಘಟಕವನ್ನಷ್ಟೇ ಬದಲಿಸಿದರೆ ದುರಸ್ತಿಯೆಂಬ ವಾದ ಗಟ್ಟಿ. ಇಡೀ ಫ್ರಿಜ್ಜನ್ನು ಬದಲಿಸಿದಾಗ ಅದು ವಾಹನವೆಂಬ ಒಂದೇ ಆಸ್ತಿಯ ಬಿಡಿಭಾಗ ಎಂದು ವಾದಿಸಲು ಅವಕಾಶವಿದೆ. ಹೊಸದಾಗಿ ಸೌರಫಲಕ, ಬ್ಯಾಟರಿಗಳನ್ನು ಸೇರಿಸಿದ್ದು ಸುಧಾರಣೆಯಾದ್ದರಿಂದ ಅದನ್ನು ಬಂಡವಾಳದ ಖಾತೆಗೆ ಒಯ್ಯುವುದೇ ಕ್ಷೇಮ. ಹೀಗಾಗಿ ಮೂರಕ್ಕೂ ಪ್ರತ್ಯೇಕ ಬಿಲ್ಲು ಇರಬೇಕು.

ಉಳಿತಾಯ ಸಲ್ಲದ ಕಡೆ

ಮಿತವ್ಯಯದ ಹೆಸರಿನಲ್ಲಿ ಸುರಕ್ಷತೆಯನ್ನು ಕಡಿಯಬಾರದು. ಗ್ಯಾಸ್ ಫ್ರಿಜ್ಜನ್ನು ತೆಗೆದಾಗ ಅದರ ಕೊಳವೆಯನ್ನು ಪರಿಣತರಿಂದ ಭದ್ರವಾಗಿ ಮುಚ್ಚಿಸಿ ಸೋರಿಕೆ ಪರೀಕ್ಷೆ ಮಾಡಿಸಬೇಕು. ಗೃಹಬಳಕೆಯ 14.2 ಕಿಲೋ ಸಿಲಿಂಡರನ್ನು ಬಾಡಿಗೆ ವಾಹನದಲ್ಲಿ ಬಳಸುವುದು ಕಾನೂನಿಗೆ ವಿರುದ್ಧ. ಅಪಘಾತವಾದರೆ ವಿಮೆಯ ಹಕ್ಕೂ ಕೈತಪ್ಪಬಹುದು. ಹೊಸ ಫ್ರಿಜ್ಜನ್ನು ನೆಲ ಮತ್ತು ಗೋಡೆಗೆ ಬಿಗಿದು, ಬಾಗಿಲಿಗೆ ಚಿಲಕ ಹಾಕಿಸಬೇಕು. ತಂತಿಯ ದಪ್ಪ, ಫ್ಯೂಸುಗಳು ಹೊರೆಗೆ ತಕ್ಕಂತಿರಬೇಕು. ಹಳೆಯ ಫ್ರಿಜ್ ಇದ್ದ ಗೂಡನ್ನಷ್ಟೇ ಅಲ್ಲದೆ ವಾಹನದ ಬಾಗಿಲನ್ನೂ ಅಳೆಯುವುದು ಒಳಿತು. ಅಮೆರಿಕದಲ್ಲಿ ಫ್ರಿಜ್ ಬಾಗಿಲಿನಿಂದ ಒಳಹೋಗದೆ ಮುಂಗಾಜನ್ನು ಕಳಚಿ ಒಳಗಿಟ್ಟ ನಿದರ್ಶನಗಳು ಹಲವು.

ಈ ಕ್ಷೇತ್ರದ ಉದ್ಯಮಿಗಳು ಸಂಖ್ಯೆಯಲ್ಲಿ ಕಡಿಮೆ, ಊರೂರುಗಳಲ್ಲಿ ಚದುರಿದವರು. ಬಿಡಿಬಿಡಿಯಾಗಿ ಖರೀದಿಗೆ ಹೋದರೆ ಅವರಿಗೆ ರಿಯಾಯಿತಿಯೂ ಇಲ್ಲ, ಮಾರಾಟಾನಂತರದ ಸೇವೆಯೂ ಇಲ್ಲ. ಜಿಲ್ಲಾ ವಾಣಿಜ್ಯ ಮಂಡಳಿಗಳು ಇವರನ್ನು ಒಂದೆಡೆ ಸೇರಿಸಿ, ಬ್ಯಾಟರಿ ಫ್ರಿಜ್ ತಯಾರಕರೊಡನೆ ಒಟ್ಟಾಗಿ ದರ ಮಾತಾಡಲು ನೆರವಾಗಬಹುದು. ಒಬ್ಬರ ವಾಹನ ಕೆಟ್ಟಾಗ ಇನ್ನೊಬ್ಬರಿಗೆ ನೆರವಾಗುವಂತೆ ಒಂದೆರಡು ಫ್ರಿಜ್ಜುಗಳನ್ನು ಹಂಚಿಕೆಯ ದಾಸ್ತಾನಾಗಿ ಇಡಿಸಬಹುದು. ರಜೆಯ ಋತು ಆರಂಭವಾಗುವ ಎರಡು ತಿಂಗಳ ಮೊದಲೇ ಪ್ರತಿ ಮಾಲೀಕನೂ ತನ್ನ ವಾಹನದ ಫ್ರಿಜ್ಜನ್ನು ಒಂದು ಹಗಲು, ಒಂದು ರಾತ್ರಿ ನಡೆಸಿ ನೋಡುವುದು ಎಲ್ಲಕ್ಕಿಂತ ಅಗ್ಗದ ವಿಮೆ. ಆಗ ಕೆಟ್ಟಿದ್ದು ಕಂಡುಬಂದರೆ ದರ ಹೋಲಿಸಿ, ಯೋಚಿಸಿ ಕೊಳ್ಳಲು ಕಾಲಾವಕಾಶವಿರುತ್ತದೆ. ಗಿರಾಕಿ ವಾಹನ ಹತ್ತಿದ ಮೇಲೆ ಕಂಡುಬಂದರೆ ಅಂಗಡಿಯವನು ಹೇಳಿದ್ದೇ ಬೆಲೆ.